ಅರವತ್ತೆರಡು ಕಿಟಕಿಗಳ ಪರದೆ ಅಕ್ಕ

ನನ್ನ ಹೆಂಡತಿ ಹೊಲಿದ ಪರದೆಗಳನ್ನೆಲ್ಲ ತುದಿಗೆ ತುದಿ ಗಂಟು ಹಾಕಿದರೆ ಚಂದ್ರನ ಸೊಂಟಕ್ಕೆ ಎರಡು ಸುತ್ತು ಬಿಗಿದು, ಮಿಕ್ಕ ತುಂಡಿನಲ್ಲಿ ಸೂರ್ಯನಿಗೆ ಬೆವರು ಒರೆಸಿಕೊಳ್ಳಲು ಒಂದು ಕರವಸ್ತ್ರ ಮಾಡಿಕೊಡಬಹುದು. ಮುದುಕ ಬುರುಡೆ ಬಿಡುತ್ತಿದ್ದಾನೆ ಅನ್ನುವವರು ಲೆಕ್ಕ ಹಾಕಿ ನೋಡಲಿ. ಪ್ರಧಾನಿಗಳ ಅಧಿಕೃತ ನಿವಾಸಕ್ಕೆ ಅರವತ್ತೆರಡು ಕಿಟಕಿ. ಕಿಟಕಿಗೆ ಎರಡು ಪರದೆ. ಪರದೆ ಒಂದೊಂದೂ ಎರಡಾಳು ಎತ್ತರ. ಸರ್ಕಾರ ಬದಲಾದರೆ ಪರದೆಯೂ ಬದಲು. ಅವಳು ಆ ಮನೆಗೆ ಕೆಲಸಕ್ಕೆ ಸೇರಿದ ಇಪ್ಪತ್ತೊಂಬತ್ತು ವರ್ಷದಲ್ಲಿ ಒಂಬತ್ತು ಸಲ ಸರ್ಕಾರ ಬದಲಾಗಿತ್ತು. ಗುಣಿಸುವುದು ನಿಮಗೆ ಬಿಟ್ಟಿದ್ದು. ನಾನು ಗುಣಿಸಿ ಗುಣಿಸಿಯೇ ಚಂದ್ರನವರೆಗೆ ಹೋಗಿದ್ದು.

ಆ ಮನೆಯ ಹಿಂದಿನ ಗೇಟಿನ ಎದುರಿಗೆ ನನ್ನ ಸಲೂನು. ಎರಡು ಕುರ್ಚಿ, ಒಂದು ಕನ್ನಡಿ, ಒಂದು ಬೆಂಚು. ಕೂದಲು ಕತ್ತರಿಸುವವನ ಕೈ ಆಡುವಾಗ ಬಾಯಿ ಸುಮ್ಮನಿದ್ದರೆ ಗಿರಾಕಿಗೆ ಭಯವಾಗುತ್ತದೆ, ಆದ್ದರಿಂದ ನಾನು ಮಾತಾಡಲೇಬೇಕು. ಇದ್ದದ್ದನ್ನು ಹೇಳಿದರೆ ಮಾತು ಒಂದು ಗಡ್ಡಕ್ಕೂ ಸಾಲುವುದಿಲ್ಲ. ಹಾಗಾಗಿ ಅಷ್ಟಿಷ್ಟು ಸೇರಿಸಿ ಹೇಳುತ್ತಿದ್ದೆ. ಸೇರಿಸಲು ನನ್ನ ಹೆಂಡತಿಗಿಂತ ಒಳ್ಳೆಯ ವಿಷಯ ಸಿಕ್ಕಿರಲಿಲ್ಲ.

ಆ ಮನೆಯಲ್ಲಿ ಎಲ್ಲರೂ ಅವಳನ್ನು ಪರದೆ ಅಕ್ಕ ಎನ್ನುತ್ತಿದ್ದರು. ಅಡುಗೆಮನೆ ದಾಟಿ, ನೀರು ಕಾಯಿಸುವ ಯಂತ್ರದ ಪಕ್ಕದ ಕೋಣೆ ಅವಳದು. ಹಳೆಯ ಬಾಗಿಲೊಂದನ್ನು ಮಲಗಿಸಿ ನಾಲ್ಕು ಕಾಲು ಹೊಡೆದಿದ್ದ ಮೇಜು, ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ನು, ಗೋಡೆಯುದ್ದಕ್ಕೂ ಬೀಗ ಹಾಕಿದ ಬೀರುಗಳು. ಕೊರಳಲ್ಲಿ ಟೇಪು, ತುಟಿಯ ಮೂಲೆಯಲ್ಲಿ ಗುಂಡುಸೂಜಿಗಳು. ಏಳು ಗುಂಡುಸೂಜಿ ಕಚ್ಚಿಕೊಂಡೇ ಒಬ್ಬ ಮನುಷ್ಯನನ್ನು ಪೂರ್ತಿಯಾಗಿ ಬೈದು ಮುಗಿಸಬಲ್ಲವಳು ಅವಳು. ಒಂದೂ ಕೆಳಗೆ ಬೀಳುತ್ತಿರಲಿಲ್ಲ, ಒಂದು ಮಾತೂ ಗುರಿ ತಪ್ಪುತ್ತಿರಲಿಲ್ಲ. ನಾನು ಸ್ವತಃ ಅನುಭವಿಸಿದವನು.

ಪರದೆ ನೆಲಕ್ಕೆ ತಾಗಬಾರದು, ನೆಲದಿಂದ ಅರ್ಧ ಬೆರಳು ಮೇಲೆ ನಿಲ್ಲಬೇಕು ಎಂಬುದು ಅವಳ ನೇಮ. ಗಾಳಿಗೆ ಹಾರಬಾರದೆಂದು ಕೆಳಗಿನ ಮಡಿಕೆಯೊಳಗೆ ಸೀಸದ ಗುಂಡುಗಳನ್ನಿಟ್ಟು ಹೊಲಿಯುತ್ತಿದ್ದಳು. ಪ್ರಧಾನಿಗಳನ್ನು ಅವಳು ಮುಖದಿಂದ ಗುರುತಿಟ್ಟುಕೊಂಡವಳೇ ಅಲ್ಲ, ಪರದೆಯಿಂದಲೇ ಗುರುತು. ಮೊದಲನೆಯವರು ತಿಂದ ಕೈಯನ್ನು ಪರದೆಗೆ ಒರೆಸುತ್ತಿದ್ದರು. ಎರಡನೆಯವರು ಡಾಕ್ಟರು ಬೇಡವೆಂದ ಸಿಗರೇಟನ್ನು ಪರದೆಯ ಹಿಂದೆ ನಿಂತು ಸೇದುತ್ತಿದ್ದರು. ಎದೆಮಟ್ಟದಲ್ಲಿ ಸಾಲಾಗಿ ಸುಟ್ಟ ತೂತು, ಆ ಮನುಷ್ಯನ ಎತ್ತರವನ್ನು ಅದರಿಂದಲೇ ಅಳೆಯಬಹುದಿತ್ತು. ಮೂರನೆಯವರಿಗೆ ಸುದ್ದಿಗಾರರೆಂದರೆ ನಡುಕ. ಇಣುಕಿ ಇಣುಕಿ ಮುಂಭಾಗದ ಕಿಟಕಿಯ ಪರದೆಯ ಅಂಚು ಸಾಣೆ ಹಿಡಿದಂತಾಗಿತ್ತು.

ಸರ್ಕಾರ ಬೀಳುವುದು ಪತ್ರಿಕೆಯವರಿಗಿಂತ ಹದಿನೈದು ದಿನ ಮೊದಲೇ ಅವಳಿಗೆ ತಿಳಿಯುತ್ತಿತ್ತು. ಕುರ್ಚಿ ಅಲ್ಲಾಡಲು ಶುರುವಾದರೆ ಮನುಷ್ಯ ಕೂರುವುದಿಲ್ಲ, ಕಿಟಕಿ ಹತ್ತಿರ ಹೋಗಿ ಪರದೆ ಹಿಡಿದು ನಿಲ್ಲುತ್ತಾನೆ. ಅಂಚು ಕೊಳೆಯಾಗುತ್ತದೆ. "ರೀ, ಮೇಲಿನ ಓದುವ ಕೋಣೆಯ ಅಂಚು ಕಪ್ಪಾಗಿದೆ" ಎಂದು ಅವಳು ತಟ್ಟೆ ಇಡುತ್ತಾ ಅಂದರೆ, ಮರುದಿನ ನಾನು ಗಿರಾಕಿಗಳಿಗೆ ಸರ್ಕಾರದ ಆಯಸ್ಸು ಹೇಳುತ್ತಿದ್ದೆ. ಈ ವಿದ್ಯೆಯಿಂದ ನನಗೆ ಜ್ಯೋತಿಷಿಯ ಮರ್ಯಾದೆ ಬಂದಿತ್ತು.

ಹೀಗಿರುವಾಗ ಒಂಬತ್ತನೆಯ ಸಲ ಸರ್ಕಾರ ಬದಲಾಯಿತು. ಈ ಸಲ ಬಂದವರು ಹೊಸಬರಲ್ಲ. ಎಂಟು ವರ್ಷದ ಹಿಂದೆ ಸೋತು ಇದೇ ಮನೆಯಿಂದ ಪೆಟ್ಟಿಗೆ ಕಟ್ಟಿಕೊಂಡು ಹೋಗಿದ್ದವರೇ ಗೆದ್ದು ಮರಳಿದ್ದರು. ಅವರ ಹೆಂಡತಿಗೆ ಮಾದರಿ ಬಟ್ಟೆಗಳ ಪುಸ್ತಕವನ್ನು ತೋರಿಸಲಾಯಿತು. ಹೋದ ಸಲ ನೀಲಿ ಆರಿಸಿದ್ದ ಮೇಡಂ ಈ ಸಲ ಬೂದು ಬಣ್ಣದ ಮೇಲೆ ಬೆರಳಿಟ್ಟರು. ನಾಲ್ಕೇ ದಿನದಲ್ಲಿ ಮನೆ ತುಂಬ ಬೂದು ಪರದೆ ತೂಗಿತು.

ಅವರ ಜೊತೆ ಒಬ್ಬ ಹೊಸ ಮೇಲ್ವಿಚಾರಕರೂ ಬಂದಿದ್ದರು. ಬಂದ ದಿನದಿಂದ ಚಮಚ, ಕುರ್ಚಿ, ಬಲ್ಬು, ಬಾಗಿಲ ಹಿಡಿಕೆ, ಹೂಕುಂಡ ಎಲ್ಲದರ ಪಟ್ಟಿ ಮಾಡುತ್ತಿದ್ದರು. ಮನೆಯ ಆಳುಗಳು ಎರಡೇ ದಿನಕ್ಕೆ ಅವರಿಗೆ ಪಟ್ಟಿ ಸಾಹೇಬರು ಎಂದು ಹೆಸರಿಟ್ಟಿದ್ದರು. ಆರನೆಯ ದಿನ ಬೆಳಿಗ್ಗೆ ಅವರು ನನ್ನ ಕುರ್ಚಿಯಲ್ಲಿ ಬಂದು ಕೂತರು. ನಾನು ನೊರೆ ಹಚ್ಚಿದೆ. ನೊರೆ ಹಚ್ಚಿದ ಮೇಲೆ ಗಿರಾಕಿ ಬಾಯಿ ಬಿಡುವಂತಿಲ್ಲ, ನಾನು ಮುಚ್ಚುವಂತಿಲ್ಲ.

"ನಮ್ಮ ಮನೆಯವಳೇ ಸಾರ್ ಪರದೆ ಅಕ್ಕ. ಒಂಬತ್ತು ಸರ್ಕಾರ, ಒಂಬತ್ತು ಸಲವೂ ಹೊಸ ಪರದೆ. ಅರವತ್ತೆರಡು ಕಿಟಕಿಗೂ. ಗಂಟು ಹಾಕಿದ್ರೆ ಚಂದ್ರ..."

"ಒಂಬತ್ತಾ?" ಎಂದರು ನೊರೆಯೊಳಗಿಂದ.

"ಒಂದೂ ಕಮ್ಮಿ ಇಲ್ಲ ಸಾರ್. ನನ್ನ ಕತ್ತಿಯಾಣೆ."

ಕತ್ತಿ ಅವರ ಕುತ್ತಿಗೆಯ ಮೇಲಿತ್ತು. ಗಡ್ಡ ಮುಗಿದ ಮೇಲೆ ಅವರು ಕೆನ್ನೆ ಒರೆಸಿಕೊಂಡು, ಜೇಬಿನಿಂದ ಸಣ್ಣ ಪುಸ್ತಕ ತೆಗೆದು 'ಒಂಬತ್ತು' ಎಂದು ಬರೆದುಕೊಂಡರು. ನನ್ನ ಹೆಂಡತಿಯ ಹೆಸರು ಸರ್ಕಾರಿ ದಾಖಲೆ ಸೇರಿತು ಎಂದು ನಾನು ಇಡೀ ಬೆಳಿಗ್ಗೆ ಹಿಗ್ಗಿದೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ. ನಾನು ಬಿಟ್ಟುಕೊಂಡದ್ದು ಕೆಂಪಿರುವೆ.

ಅವತ್ತು ಸಂಜೆ ಅವಳು ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು. ನಾವಿದ್ದದ್ದು ನಿವಾಸದ ಕಾಂಪೌಂಡಿನ ಹಿಂದೆ ಕೆಲಸದವರಿಗೆಂದು ಕಟ್ಟಿದ್ದ ಎರಡು ಕೋಣೆಯ ಮನೆ. ಅವಳ ಸೊಂಟದಲ್ಲಿ ಯಾವಾಗಲೂ ಝಣಗುಟ್ಟುವ ಬೀರುವಿನ ಕೀಲಿಕೈ ಗೊಂಚಲು ಇರಲಿಲ್ಲ.

"ಆ ಸಾಹೇಬರಿಗೆ ಏನು ಹೇಳಿದ್ರಿ?"

"ನಾನಾ? ಏನೂ ಇಲ್ಲಪ್ಪ. ನಿನ್ನನ್ನ ಹೊಗಳಿದೆ, ಅಷ್ಟೇ."

"ಇಪ್ಪತ್ತೊಂಬತ್ತು ವರ್ಷ ನಾನು ಮಾಡಿದ ಸಾರಿಗೆ ಒಂದು ಒಳ್ಳೇ ಮಾತು ಆಡದ ಬಾಯಿ. ಅದು ತೆರೆಯೋಕೆ ಇವತ್ತೇ ಬೇಕಿತ್ತಾ?"

ಆದದ್ದಿಷ್ಟು. ಪಟ್ಟಿ ಸಾಹೇಬರು ನನ್ನ ಅಂಗಡಿಯಿಂದ ನೇರ ಅವಳ ಕೋಣೆಗೆ ಹೋಗಿ ಬೀರುಗಳನ್ನೆಲ್ಲ ತೆಗೆಸಿದರು. ಒಳಗೆ ಎರಡು ಸೆಟ್ಟು. ಕಿಟಕಿಗಳಲ್ಲಿ ತೂಗುತ್ತಿರುವುದು ಒಂದು. ಒಟ್ಟು ಮೂರು. ಗಂಡನೇ ಕತ್ತಿ ಮುಟ್ಟಿ ಆಣೆ ಮಾಡಿ ಹೇಳಿದ್ದು ಒಂಬತ್ತು. ಹಾಗಾದರೆ ಆರು ಸೆಟ್ಟು ಎಲ್ಲಿ ಹೋಯಿತು? ಆರು ಅಂದರೆ ಏಳುನೂರಕ್ಕೂ ಮೇಲ್ಪಟ್ಟು ಪರದೆ! ಯಾರಿಗೆ ಮಾರಿದೆ ಎಂದು ಅವರು ಕೇಳಿದ್ದರು. ಕೀಲಿಕೈ ಕಸಿದುಕೊಂಡು, ನಾಳೆ ಸಂಜೆ ನಾಲ್ಕು ಗಂಟೆಗೆ ಮೇಡಂ ಎದುರಿಗೆ ಉತ್ತರ ಕೊಡಬೇಕು, ಕೊಡದಿದ್ದರೆ ಪೊಲೀಸರು ಬರುತ್ತಾರೆ, ಕೆಲಸವೂ ಹೋಗುತ್ತದೆ, ಇರುವ ಮನೆಯೂ ಹೋಗುತ್ತದೆ ಎಂದಿದ್ದರು. ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು.

"ನಿನ್ನನ್ನ ಕಳ್ಳಿ ಅಂದನಾ? ನಾಳೆ ಬರಲಿ ಗಡ್ಡಕ್ಕೆ!" ಎಂದು ನಾನು ಎದ್ದು ನಿಂತೆ. "ಆರು ಸೆಟ್ಟು ಎಲ್ಲಿದೆ ಅಂತ ತೋರಿಸಿಬಿಡು, ಬಾಯಿ ಮುಚ್ಚಿಕೊಂಡು ಹೋಗ್ತಾನೆ."

"ಇದ್ರಲ್ವಾ ತೋರಿಸೋಕೆ?"

"ಅಂದ್ರೆ?"

"ಇರೋದೇ ಮೂರು. ಯಾವತ್ತೂ ಮೂರೇ."

ನಾನು ಮತ್ತೆ ಕೂತೆ. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು ಹೇಳತೊಡಗಿದಳು. ಅವಳು ಕೆಲಸಕ್ಕೆ ಸೇರಿದ ವರ್ಷವೇ ಸರ್ಕಾರ ಬದಲಾಗಿ, ನಾಲ್ಕು ದಿನದಲ್ಲಿ ಹೊಸ ಪರದೆ ಬೇಕೆಂದು ಆಜ್ಞೆಯಾಯಿತಂತೆ. ಬಟ್ಟೆ ನೇಯ್ದು ಬರಲು ನಲವತ್ತು ದಿನ ಬೇಕು. ಹೊಸದಾಗಿ ಸೇರಿದವಳು, ಆಗುವುದಿಲ್ಲ ಅನ್ನಲು ಧೈರ್ಯವಿಲ್ಲ. ಅಳುತ್ತಾ ಹಳೆಯ ಪರದೆಯ ಹಿಂಬದಿಯ ಲೈನಿಂಗ್ ಬಿಚ್ಚಿದಾಗ ಕಂಡಿತು. ಮನೆ ಕಟ್ಟಿದ ಕಾಲಕ್ಕೆ ಹೇಳಿ ನೇಯಿಸಿದ ಆ ದಪ್ಪ ಬಟ್ಟೆಗೆ ಎರಡೂ ಕಡೆ ಮುಖ. ಹೊರಗೆ ಹಸಿರಾದರೆ ಒಳಗೆ ಕಂದು. ಬೀರುವಿನಲ್ಲಿದ್ದ ಇನ್ನೊಂದು ಸೆಟ್ಟು ನೀಲಿ ಮತ್ತು ಬೂದು, ಮತ್ತೊಂದು ಕೆಂಪು ಮತ್ತು ಕೆನೆ. ಒಗೆದು, ತಿರುಗಿಸಿ, ಲೈನಿಂಗನ್ನು ಈ ಕಡೆಯಿಂದ ಆ ಕಡೆಗೆ ಹಾಕಿ, ಅಗಲ ನೆರಿಗೆ ಇದ್ದಲ್ಲಿ ಸಣ್ಣ ನೆರಿಗೆ ಹಿಡಿದು ಹೊಲಿದಳು. ಹೊಸ ಪ್ರಧಾನಿಯ ಹೆಂಡತಿ ಒಳಗೆ ಬಂದವರೇ ಮೂಗರಳಿಸಿ, "ಆಹಾ, ಹೊಸ ಬಟ್ಟೆ ವಾಸನೆ!" ಎಂದರಂತೆ.

"ಸೋಪಿನ ವಾಸನೆ ಅದು" ಎಂದಳು ನನ್ನ ಹೆಂಡತಿ. "ನಿಜ ಹೇಳಿಬಿಡೋಣ ಅಂತ ಹೊರಟೆ. ಅಷ್ಟರಲ್ಲಿ ಆ ಸರ್ಕಾರ ಬಿತ್ತು. ಆಮೇಲೆ ಹಾಗೇ ನಡ್ಕೊಂಡು ಬಂತು. ಬಟ್ಟೆ ಇನ್ನೂ ಗಟ್ಟಿ ಇದೆ ರೀ. ಮನುಷ್ಯರು ಹೋದ್ರು ಅಂತ ಅದನ್ನ ಯಾಕೆ ಎಸೀಬೇಕು?"

ಪುಸ್ತಕದಲ್ಲಿದ್ದ ಮಾದರಿ ತುಂಡುಗಳು ಆರೇ. ಯಾವುದನ್ನು ಆರಿಸಿದರೂ ಅವಳ ಬಳಿ ಇರುವುದೇ. ಹೋದವರ ಬಣ್ಣವನ್ನು ಮಾತ್ರ ಬಂದವರು ಯಾರೂ ಆರಿಸುತ್ತಿರಲಿಲ್ಲವಂತೆ. ಅಪ್ಪಿತಪ್ಪಿಯೂ ಇಲ್ಲ. ಒಂಬತ್ತು ಸಲದಲ್ಲಿ ಒಮ್ಮೆಯೂ ಇಲ್ಲ.

"ಹೊಸದು ಹೊಲಿಯೋದು ಸುಲಭ. ಇದು ಬಿಚ್ಚಿ ಒಗೆದು ಮತ್ತೆ ಹೊಲಿಯೋದು, ಮೂರು ಪಟ್ಟು ಕೆಲಸ. ಬೆರಳು ನೋಡಿ."

ಬೆರಳು ನೋಡಿದೆ. ಚಂದ್ರನನ್ನು ಸುತ್ತಿ ಬಂದಿದ್ದ ನನ್ನ ಪರದೆ ನಮ್ಮ ಬೀದಿಯ ತಿರುವನ್ನೂ ದಾಟದೆ ಕಾಲಡಿ ಮುದ್ದೆಯಾಗಿ ಬಿದ್ದಿತ್ತು.

"ಇದು ಇನ್ಯಾರಿಗೆ ಗೊತ್ತು?"

"ಒಗೆಯೋರಿಗೆ ಗೊತ್ತು. ಏಣಿಯವನಿಗೆ ಗೊತ್ತು. ಅಡುಗೆಯವರಿಗೆ ಗೊತ್ತು. ತೋಟದವರಿಗೂ ಗೊತ್ತು."

"ನನಗೆ?"

ಅವಳು ತಟ್ಟೆ ತರಲು ಎದ್ದಳು. ಏಣಿಯವನು ಕಿಟಕಿಗಳಿಗೆ ಏಣಿ ಹಾಕಿ ಪರದೆ ತೂಗಿಸುವವನು, ಅವಳನ್ನು ಅಕ್ಕ ಎಂದೂ ನನ್ನನ್ನು ಭಾವ ಎಂದೂ ಕರೆಯುವವನು. ಮರುದಿನ ಅವನನ್ನು ಹಿಡಿದು ಕೇಳಿದೆ. "ಭಾವ, ನಿಮಗೆ ಹೇಳೋದೂ ಒಂದೇ, ರೇಡಿಯೋಗೆ ಹೇಳೋದೂ ಒಂದೇ ಅಂತ ಅಕ್ಕ ಅಂದಿದ್ರು. ರೇಡಿಯೋನಾದ್ರೂ ಆರಿಸಬಹುದು ಅಂತಾನೂ ಅಂದಿದ್ರು" ಎಂದ.

ಕೀಲಿಕೈ ಹೋದ ಆ ಸಂಜೆ ನಮ್ಮಿಬ್ಬರಿಗೂ ಊಟ ಸೇರಲಿಲ್ಲ. ಅವಳ ಮುಂದೆ ಇದ್ದದ್ದು ಎರಡೇ ದಾರಿ. ಸುಮ್ಮನಿದ್ದರೆ ಕಳ್ಳಿ. ಬಾಯಿಬಿಟ್ಟರೆ ಒಂಬತ್ತು ಸಲ ದೇಶದ ದೊಡ್ಡವರಿಗೆ ಹಳೆಯದನ್ನು ಹೊಸದೆಂದು ತೋರಿಸಿದ ಮೋಸಗಾತಿ. ಅದರಲ್ಲೂ ಈಗ ತೂಗುತ್ತಿರುವ ಬೂದು ಪರದೆಯ ಬೆನ್ನಲ್ಲಿ ಇರುವುದು ಇದೇ ಮೇಡಂ ಹೋದ ಸಲ ಆರಿಸಿದ್ದ ನೀಲಿ.

"ಗೆದ್ದಲು ತಿಂತು ಅಂದುಬಿಡು" ಎಂದು ನಾನು ಸೂಚಿಸಿದೆ.

"ಆರು ಸೆಟ್ಟು ತಿಂದ ಗೆದ್ದಲು ಎಲ್ಲಿ ಅಂತ ಕೇಳ್ತಾರೆ. ನಿಮ್ಮನ್ನ ತೋರಿಸ್ಲಾ?"

"ಪ್ರವಾಹದಲ್ಲಿ ಕೊಚ್ಚಿ ಹೋಯ್ತು ಅನ್ನು."

"ಮನೆ ಗುಡ್ಡದ ಮೇಲಿದೆ ರೀ."

"ಒಂದು ದೊಡ್ಡ ಪ್ರವಾಹ ಅನ್ನು."

"ನೀವು ಇನ್ನೊಂದು ಮಾತಾಡಿದ್ರೆ ನಾನೇ ಪೊಲೀಸರನ್ನ ಕರೀತೀನಿ" ಎಂದು ಅವಳು ಎದ್ದು ಹೋದಳು. ಆಮೇಲೆ ಒಳಗಿನಿಂದ ಸಣ್ಣ ದನಿಯಲ್ಲಿ, "ಮೋಸಗಾತಿ ಅನ್ನಲಿ, ತಡ್ಕೋತೀನಿ. ಕಳ್ಳಿ ಅಂತ ಅನ್ನಿಸ್ಕೊಂಡು ಆ ಗೇಟು ದಾಟಲ್ಲ" ಎಂದಳು.

ಒಂಬತ್ತು ಎಂದು ಹೇಳಿದ ಸಾಕ್ಷಿ ನಾನೇ ಆದ್ದರಿಂದ ಮರುದಿನ ನನ್ನನ್ನೂ ಕರೆಸಿದರು. ಇಪ್ಪತ್ತೊಂಬತ್ತು ವರ್ಷ ಆ ಮನೆಯ ಕಥೆ ಹೇಳಿದವನು ಒಳಗೆ ಕಾಲಿಟ್ಟದ್ದು ಅದೇ ಮೊದಲು. ಅತಿಥಿಗಳ ಕೋಣೆಯ ಚಾವಣಿ ಎಷ್ಟು ಎತ್ತರವೆಂದರೆ ಅಲ್ಲಿ ಒಂದು ಮೋಡ ದಾರಿ ತಪ್ಪಿ ಬಂದು ತಂಗಿದ್ದರೂ ಆಶ್ಚರ್ಯವಿರಲಿಲ್ಲ. ಆರು ಕಿಟಕಿ, ಹನ್ನೆರಡು ಬೂದು ಪರದೆ. ನೆಲದಿಂದ ಅರ್ಧ ಬೆರಳು ಮೇಲೆ, ಅಳತೆಪಟ್ಟಿ ಇಟ್ಟ ಹಾಗೆ. ಮೇಡಂ ಸೋಫಾದ ತುದಿಯಲ್ಲಿ ಕೂತಿದ್ದರು. ಪಟ್ಟಿ ಸಾಹೇಬರು ಪುಸ್ತಕ ಹಿಡಿದು ನಿಂತಿದ್ದರು. ಕೀಲಿಕೈ ಗೊಂಚಲು ಮೇಜಿನ ಮೇಲಿತ್ತು.

"ಮೊದಲು ನೀವು ಹೇಳಿ" ಎಂದು ಸಾಹೇಬರು ನನ್ನ ಕಡೆ ತಿರುಗಿದರು. "ಎಷ್ಟು ಸೆಟ್ಟು?"

ನನ್ನ ನಾಲಿಗೆ ಜೀವಮಾನದಲ್ಲಿ ಒಮ್ಮೆ ನನಗೆ ಕೈಕೊಟ್ಟಿತು. "ಸಾರ್, ನಾನು ಹೇಳಿದ್ದರಲ್ಲಿ... ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲು ತಗೋಬೇಕು" ಎಂದೆ. ಆಮೇಲೆ ಯೋಚಿಸಿದರೆ, ಅಷ್ಟು ಕರಾರುವಾಕ್ಕಾಗಿ ನಾನು ಯಾವತ್ತೂ ಮಾತಾಡಿಲ್ಲ.

"ಅವರನ್ನ ಬಿಡಿ ಸಾರ್" ಎಂದಳು ನನ್ನ ಹೆಂಡತಿ. "ಏಣಿ ತರಿಸಿ."

ಏಣಿಯವನು ಬಾಗಿಲಾಚೆಯೇ ಕಾದಿದ್ದ. ನಡುವಿನ ಕಿಟಕಿಯೊಂದರ ಪರದೆಯನ್ನು ಇಳಿಸಿಕೊಟ್ಟ. ಅವಳು ನೆಲದ ಮೇಲೆ ಹರಡಿ, ಮಂಡಿಯೂರಿ, ಸಣ್ಣ ಕತ್ತರಿಯಿಂದ ಹಿಂಬದಿಯ ಲೈನಿಂಗಿನ ಹೊಲಿಗೆ ಬಿಚ್ಚತೊಡಗಿದಳು. ನೂಲು ಟಿಕ್ ಟಿಕ್ ಎಂದು ಹರಿಯಿತು. ಲೈನಿಂಗನ್ನು ಪಕ್ಕಕ್ಕೆ ಸರಿಸಿದಳು. ಬೂದು ಬಟ್ಟೆಯ ಬೆನ್ನಿನಿಂದ ನೀಲಿ ಎದ್ದು ಬಂತು.

ಮೇಡಂ ಸೋಫಾ ಬಿಟ್ಟು ಎದ್ದರು. "ಇದು ನನ್ನ ನೀಲಿ!"

"ಹೌದು ಮೇಡಂ. ನಿಮ್ಮ ನೀಲೀನೇ. ಅದಕ್ಕೂ ಮುಂಚೆ ಬೇರೆಯವರ ಬೂದು." ಅವಳು ಎಲ್ಲವನ್ನೂ ಹೇಳಿದಳು. ನಾಲ್ಕು ದಿನ, ನಲವತ್ತು ದಿನ, ಸೋಪು, ಆರು ಮಾದರಿ ತುಂಡು. ಒಂದನ್ನೂ ಮುಚ್ಚಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ. ನನ್ನ ಜೊತೆ ಅಷ್ಟು ವರ್ಷ ಸಂಸಾರ ಮಾಡಿಯೂ ಸೇರಿಸದೆ ಮಾತಾಡುವುದನ್ನು ಅವಳು ಹೇಗೆ ಉಳಿಸಿಕೊಂಡಳೋ. "ಆರು ಸೆಟ್ಟು ಮಾರಿಲ್ಲ ಮೇಡಂ. ಇರಲೇ ಇಲ್ಲ. ಉಗ್ರಾಣದಿಂದ ಹೊಸ ಬಟ್ಟೆಯ ಒಂದು ತುಂಡೂ ನಾನು ತಗೊಂಡಿಲ್ಲ, ಅಲ್ಲಿ ಕೇಳಿ ನೋಡಿ."

"ಕೇಳಿದ್ದೀನಿ" ಎಂದರು ಪಟ್ಟಿ ಸಾಹೇಬರು. ಅವತ್ತು ಬೆಳಿಗ್ಗೆಯೇ ಹೋಗಿ ನೋಡಿದ್ದರಂತೆ. ನೂಲು, ಲೈನಿಂಗು, ಸೀಸದ ಗುಂಡು ಬಿಟ್ಟರೆ ಅವಳ ಹೆಸರಿನಲ್ಲಿ ಏನೂ ಹೋಗಿರಲಿಲ್ಲ. ಬೇಕಾದ್ದನ್ನು ಕೇಳದ ಕೆಲಸದವಳನ್ನು ಅವರು ಮೊದಲ ಸಲ ಕಂಡಿದ್ದರು, ಯಾವ ಪಟ್ಟಿಗೆ ಸೇರಿಸುವುದೆಂದು ತಿಳಿಯದೆ ಕಿವಿ ಕೆರೆದುಕೊಂಡರು. "ಕಳ್ಳತನ ಆಗಿಲ್ಲ, ಒಪ್ಪಿದೆ. ಆದ್ರೆ ಮೇಡಂ, ಇದು ಮೋಸ. ಇವರನ್ನ ಇಟ್ಟುಕೊಳ್ಳೋದು..."

ಸಾಹೇಬರ ಮಾತನ್ನು ಮೇಡಂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅವರೂ ನೆಲದ ಮೇಲೆ ಕೂತು ನೀಲಿ ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡಿದ್ದರು.

"ಸೋತು ಹೋಗೋ ದಿನ ಈ ಪರದೆ ಎರಡು ಕೊಡಿ ಅಂತ ಕೇಳಿದ್ದೆ" ಎಂದರು. "ಕೊಡೋ ಹಾಗಿಲ್ಲ, ಹೊಸಬರು ಬಂದ ತಕ್ಷಣ ಇಳಿಸಿ ಬೀರುಗೆ ಹಾಕ್ತಾರೆ ಅಂದಿದ್ರು. ಕಾರಲ್ಲಿ ಕೂತ್ಕೊಂಡು ಮನೆ ಹೋಯ್ತಲ್ಲ ಅಂತ ಅಳಲಿಲ್ಲ ಕಣಮ್ಮ, ಪರದೆ ಹೋಯ್ತಲ್ಲ ಅಂತ ಅತ್ತೆ." ತಲೆಯೆತ್ತಿ ನನ್ನ ಹೆಂಡತಿಯನ್ನು ನೋಡಿದರು. "ಹೋದ ವಾರ ನಾನು ನೀಲಿ ಮುಟ್ಟದೇ ಇದ್ದಿದ್ದು ಯಾಕೆ ಅಂತೀಯ? ಅದನ್ನ ನೋಡಿದ್ರೆ ಆ ದಿನ ನೆನಪಾಗುತ್ತೆ ಅಂತ."

"ಹಾಗಾದ್ರೆ ಬೂದೇ ಇರಲಿ ಬಿಡಿ ಮೇಡಂ."

"ಬೇಡ. ತಿರುಗಿಸು. ನೀಲೀನೇ ಹಾಕು." ಆಮೇಲೆ ಮೇಜಿನತ್ತ ಕೈ ತೋರಿಸಿ ಸಾಹೇಬರಿಗೆ, "ಅವರ ಕೀಲಿಕೈ ಅವರಿಗೆ ಕೊಡಿ. ಇನ್ನೂ ಎರಡು ವರ್ಷ ಅವರದೇ ಅದು" ಎಂದರು.

ಸಾಹೇಬರು ಪುಸ್ತಕದಲ್ಲಿ ಒಂಬತ್ತನ್ನು ಹೊಡೆದುಹಾಕಿ ಮೂರು ಎಂದು ಬರೆದು, ಕೀಲಿಕೈ ಗೊಂಚಲನ್ನು ಅವಳ ಕೈಗಿಟ್ಟರು. ನಾನು ಬಿಟ್ಟ ಉಸಿರಿಗೆ ಉಳಿದ ಹನ್ನೊಂದು ಪರದೆಗಳೂ ಅಲ್ಲಾಡಿದವು. ಇದರಲ್ಲಿ ಮೂರರಲ್ಲಿ ಒಂದು ಪಾಲು ತೆಗೆದುಕೊಂಡರೂ ಮೂರಾದರೂ ಅಲ್ಲಾಡಿದ್ದು ನಿಜ.

ಅಷ್ಟರಲ್ಲಿ ಪಕ್ಕದ ಕೋಣೆಯ ಬಾಗಿಲು ತೆರೆದು ಪ್ರಧಾನಿಗಳೇ ಬಂದರು. ಹೆಂಡತಿ ನೆಲದ ಮೇಲೆ ಕೂತಿರುವುದನ್ನೂ, ಕಿಟಕಿ ಬೋಳಾಗಿರುವುದನ್ನೂ ಕಂಡು ಏನಾಯಿತೆಂದು ಕೇಳಿದರು. ಮೇಡಂ ನಾಲ್ಕು ಮಾತಿನಲ್ಲಿ ಹೇಳಿದರು. ಅವರು ಬಟ್ಟೆಯ ಒಂದು ಮೂಲೆ ಎತ್ತಿ ಬೂದು ನೋಡಿದರು, ತಿರುಗಿಸಿ ನೀಲಿ ನೋಡಿದರು, ಹುಬ್ಬು ಗಂಟಿಕ್ಕಿ ನನ್ನ ಹೆಂಡತಿಯ ಕಡೆ ತಿರುಗಿದರು.

"ಅಂದ್ರೆ ಇಷ್ಟು ವರ್ಷ ನಮ್ಮೆಲ್ಲರ ಕಣ್ಣಿಗೂ ಮಣ್ಣೆರಚಿದ್ದೀರಿ ಅನ್ನಿ. ಹಳೇದನ್ನೇ ತಂದು ಮತ್ತೆ ಮೇಲೇರಿಸಿ, ಇದು ಹೊಸದು ಅನ್ನೋದು... ಇದು ಸರೀನಾ ಅಮ್ಮಾ?"

ಅವಳು ಕೀಲಿಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ದೇಶದ ಜನ ಮಾಡಿದ್ದನ್ನೇ ನಾನೂ ಮಾಡಿದೀನಿ ಸಾರ್. ಆದ್ರೆ ನಾನು ಒಗೆದು ಹಾಕಿದೀನಿ."